ಬಾಜೂ ಕುರ್ಚಿ

ನನಗ ಬಾಯಿ ಜಾಸ್ತಿ ಅಂತ ನಮ್ಮ ಮನಿಯವ್ರು ಶರಣಪ್ಪ ಇರೋತನಕ ಅಂತಿದ್ರು. ಆದ್ರ ನನ್ನ ಪೇಷಂಟ್ ನಹ್ಲಾನ ಸುದ್ದಿ ಅವರ ಮುಂದೂ ಒಂದಿನ ಬಾಯಿಬಿಟ್ಟಾಕಿ ಅಲ್ಲ. ನಾನು ಜರ್ಮನಿಯ ಹ್ಯಾಂಬರ್ಗ್‌ನಾಗ ಹೆಂಗಸರ ಡಾಕ್ಟರ್. ಪೇಷಂಟ್ ಹೂಂ ಅನ್ನೋತನಕ ಡಾಕ್ಟರ್ ಬಾಯಿಗೆ ಬೀಗ, ಕಾಯ್ದೆನ ಹಂಗದ. ಸಿರಿಯಾದ ಯುದ್ಧದಾಗ ಜೇಲಿನ ಕಾವಲುಗಾರ ಆಕಿನ್ನ ಹೆಂಗ ಹಾಳುಮಾಡಿದ್ದ, ಆ ಗಾಯ ನೋಡಿದಾಕಿ ನಾನೊಬ್ಬಾಕಿ. ಮನಿಯವ್ರು ಹೋದಮ್ಯಾಲೆ ಆ ಭಾರ ಹೊಟ್ಟ್ಯಾಗ ಇಟ್ಕೊಂಡು ಒಬ್ಬಾಕೇನ ಉಣ್ತಿದ್ದೆ.

ಹೋದ ವರ್ಷ ಆ ಕಾವಲುಗಾರ ಇದೇ ಊರಾಗ ಸಿಕ್ಕಿಬಿದ್ದ. ಎಲ್ಲೋ ನಡೆದ ಯುದ್ಧದ ಅಪರಾಧನೂ ಇಲ್ಲಿ ಕೋರ್ಟ್ ವಿಚಾರಣೆ ಮಾಡ್ತದ. ನಹ್ಲಾ ತನ್ನ ಹರಕುಮುರಕು ಜರ್ಮನ್‌ನಾಗ ಅಂದ್ಲು, "ಡಾಕ್ಟರ್, ನೀವು ನನ್ನ ಬಾಜೂ ಕುರ್ಚಿಮ್ಯಾಲೆ ಕೂತ್ರ ಎಲ್ಲಾ ಹೇಳ್ತೀನಿ. ಇಲ್ಲಾಂದ್ರ ನನ್ನ ಕೈಲೆ ಆಗಂಗಿಲ್ಲ."

"ಕೂಡ್ತೀನಿ. ಗಾಯದ ಬಗ್ಗೆ ನಾನೂ ಸಾಕ್ಷಿ ಹೇಳ್ತೀನಿ," ಅಂದೆ. ಆಕಿ ಹೂಂ ಅಂದ್ಲು, ನನ್ನ ಬಾಯಿಬೀಗ ತಗೀತು.

ಕೋರ್ಟಿನ ದಿನ ಬಾಗಲದಾಗ ನಹ್ಲಾನ ವಕೀಲ ನನ್ನ ತಡದ. "ನೀವೂ ಸಾಕ್ಷಿ. ನಿಮ್ಮ ಸರದಿ ಬರೋತನಕ ಒಳಗ ಬರಂಗಿಲ್ಲ."

ಅವಗ ನಾಕು ಮಾತು ಅಂದೆ, ಬಿಡಲಿಲ್ಲ. ಆದ್ರ ತಪ್ಪು ನಂದೇ. ಎರಡೂ ಮಾಡ್ತೀನಿ ಅಂತ ಹುರುಪಿಲೆ ಒಪ್ಕೊಂಡಿದ್ದೆ, ಮೊದಲ ವಕೀಲಗ ಒಂದು ಮಾತು ಕೇಳಾಕ ನನಗೇನಾಗಿತ್ತು? ನಹ್ಲಾ ನನ್ನ ಮಾರಿ ನೋಡಿದ್ಲು. ಒಬ್ಬಾಕೇನ ಒಳಗ ಹೋದ್ಲು.

ಬಾಗಲಾ ಮುಚ್ಚಿತು. ನಾನು ಹೊರಗ ಬೆಂಚಿನಮ್ಯಾಲೆ ಕೂತೆ. ಆಕಿಗಂತ ತಂದ ಶೇಂಗಾ ಉಂಡಿ ಡಬ್ಬಿ ತೊಡಿಮ್ಯಾಲಿತ್ತು. ಆಕಿ ಸುಮ್ಮನಾದ್ರ ಆ ಕಾವಲುಗಾರ ಆರಾಮ ಮನಿಗೆ ಹೋಗ್ತಾನ, ಅದೂ ನನ್ನ ಸಲುವಾಗಿ. ಹೋಗೋರು ಬರೋರು ಯಾರೂ ನನ್ನ ಕಡೆ ನೋಡಲಿಲ್ಲ. ಇಷ್ಟು ವರ್ಷ ಈ ಊರಾಗಿದ್ರೂ ಫೋನ್ ಮಾಡಿ ಅಳಾಕ ನನಗ ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ದಾಟಿದಮ್ಯಾಲೆ ನಹ್ಲಾ ಹೊರಗ ಬಂದ್ಲು. ಕಣ್ಣು ಬಾತಿದ್ದುವು.

"ಹೇಳಿದೇನವ್ವಾ?"

"ಎಲ್ಲಾ ಹೇಳಿದೆ. ಬಾಜೂ ಕುರ್ಚಿ ಖಾಲಿ ಇಡ್ರಿ ಅಂತ ಜಡ್ಜ್‌ಗೆ ಕೇಳ್ಕೊಂಡೆ. ಅದರ ಕಡೆನ ನೋಡ್ಕೋತ ಹೇಳಿದೆ."

ಅಷ್ಟರಾಗ ಒಳಗಿಂದ ನನ್ನ ಹೆಸರು ಕರದ್ರು. ಎದ್ದು ನಿಂತೆ. ಬಾಯಿ ಜಾಸ್ತಿ ಇದ್ದಾಕಿ, ನಾಲಿಗಿ ಒಣಗಿ ಹೋತು.

ನಹ್ಲಾ ಡಬ್ಬಿ ಇಸ್ಕೊಂಡ್ಲು. "ನನ್ನ ಸಾಕ್ಷಿ ಮುಗೀತು. ಈಗ ನಾ ಒಳಗ ಕೂಡಬಹುದು, ಜಡ್ಜ್‌ಗೆ ಕೇಳೀನಿ," ಅಂದ್ಲು.

ನನಕಿಂತ ಮುಂದ ಹೋಗಿ, ಆ ಖಾಲಿ ಕುರ್ಚಿಮ್ಯಾಲೆ ಕೂತ್ಲು.