ಗಟ್ಟಿಯಾಗಿ ಹೇಳಬೇಕಾದ ಹೆಸರು

ಮತದ ಸಾಲಿನಲ್ಲಿ ಹೈರಮ್ ಟ್ಯಾಕೆಟನ ಮುಂದೆ ಇನ್ನು ನಾಲ್ಕೇ ಜನ ಉಳಿದಿದ್ದರು. ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಟೋಪಿ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. 1860ರ ಮಿಸೌರಿಯಲ್ಲಿ ಮತವೆಂದರೆ ಚೀಟಿಯಲ್ಲ, ಬಾಯಿಮಾತು. ಅಧ್ಯಕ್ಷನಾಗಲಿ ಎಂದು ಬಯಸುವವನ ಹೆಸರನ್ನು ಊರಿಗೆ ಊರೇ ಕೇಳುವಂತೆ ಹೇಳಬೇಕು. ಗುಮಾಸ್ತ ಅದನ್ನು ಇನ್ನೂ ಜೋರಾಗಿ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಈ ಸಲದ ಗುಮಾಸ್ತ ಹೈರಮನ ಹೆಂಡತಿಯ ಅಣ್ಣ ವಿಲಿಸ್.

ನದಿಯಾಚೆ ವಿಲಿಸನಿಗೆ ಸೆಣಬಿನ ಹೊಲವಿತ್ತು, ಅದರಲ್ಲಿ ದುಡಿಯಲು ಹನ್ನೊಂದು ಜನ ಗುಲಾಮರಿದ್ದರು. ಹೈರಮನಿಗೆ ಇದ್ದದ್ದು ಒಂದು ದೋಣಿ. ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದೆಳೆದು ಜನ, ಗಾಡಿ, ದನ ದಾಟಿಸುವ ಅದಕ್ಕೆ ಪರವಾನಗಿ ಕೊಡಿಸಿದವನೂ ವಿಲಿಸನೇ. ಬೆಳಿಗ್ಗೆ ಲವೀನಿಯಾ ಗಂಡನ ಕಾಲಿಗೆ ಬೀಳುವುದೊಂದು ಬಾಕಿ. ಅಣ್ಣ ಹೇಳಿದ ಹೆಸರನ್ನೇ ಹೇಳಿಬಿಡಿ, ಗುಲಾಮಗಿರಿ ಬೇಡವೆನ್ನುವ ಆ ಇಲಿನಾಯ್ ವಕೀಲನ ಹೆಸರೆತ್ತಿದರೆ ದೋಣಿಯೂ ಹೋಗುತ್ತದೆ, ನನಗೆ ತವರೂ ಹೋಗುತ್ತದೆ ಎಂದಿದ್ದಳು. ಹೈರಮ್ ಹೂಂ ಅಂದಿದ್ದ. ಹೂಂ ಅನ್ನುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ.

ಆದರೆ ಮೂರು ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ವಿಲಿಸ್ ತನ್ನ ಅಡುಗೆಯವಳಾದ ಫೀಬಿಯನ್ನು ಮಾರಿ, ಕೈಕಟ್ಟಿ, ಇದೇ ದೋಣಿಯಲ್ಲಿ ದಾಟಿಸಿದ್ದ. ಅವಳ ಪುಟ್ಟ ಮಗಳು ಆಚೆ ದಡದಲ್ಲೇ ಉಳಿದಿದ್ದಳು. ನಡುನೀರಿನಲ್ಲಿ ಫೀಬಿ ಮೆಲ್ಲಗೆ ಕೇಳಿದ್ದಳು: "ನನ್ನ ಎಲ್ಲಿಗೆ ಕಳಿಸ್ತಾ ಇದಾರೆ ಅಂತ ನಿಮಗೇನಾದ್ರೂ ಗೊತ್ತಾ, ದಣಿ?"

ಅವನಿಗೆ ಗೊತ್ತಿತ್ತು. ಭಾವ ಪಕ್ಕದಲ್ಲೇ ನಿಂತಿದ್ದ. ಹೈರಮ್ ತಲೆಬಗ್ಗಿಸಿ ಹಗ್ಗ ಎಳೆದ. ಅವತ್ತಿನಿಂದ ಅವನಿಗೆ ತನ್ನ ಮೇಲೇ ಹೇಸಿಗೆ.

ಸರದಿ ಬಂತು. "ಹೇಳು ಮಾರಾಯ, ಮದುವೆ ಗಂಡಿನ ಥರ ನಾಚ್ಕೊಂಡ್ರೆ ಹೆಂಗೆ?" ಎಂದು ವಿಲಿಸ್ ಛೇಡಿಸಿದ. ಹಿಂದೆ ನಿಂತವರೂ ನಕ್ಕರು.

ಹೈರಮ್ ಇಲಿನಾಯ್ ವಕೀಲನ ಹೆಸರು ಹೇಳಿದ.

ನಗು ನಿಂತಿತು. ವಿಲಿಸ್ ಕೂಗಲೂ ಇಲ್ಲ, ಬರೆಯಲೂ ಇಲ್ಲ. ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ಅದು ನನ್ ಕಿವಿಗೆ ಬಿದ್ದಿಲ್ಲ ಅಂದ್ಕೋತೀನಿ. ತಂಗಿ ಮುಖ ನೋಡಿ ಹೇಳ್ತಿದೀನಿ, ಇನ್ನೊಂದ್ಸಲ ಸರಿಯಾಗಿ ಹೇಳು."

ಅದು ಬೆದರಿಕೆಯಲ್ಲ, ಅಕ್ಕರೆಯೇ. ಹೈರಮನಿಗೆ ಅದೂ ಗೊತ್ತಿತ್ತು.

"ಎಷ್ಟು ಸಲ ಹೇಳಿದ್ರೂ ಅದೇ, ಭಾವ," ಎಂದು, ಈ ಸಲ ಬೀದಿಗೂ ಕೇಳುವಂತೆ ಆ ಹೆಸರನ್ನು ಹೇಳಿದ. ವಿಲಿಸ್ ಲೇಖನಿ ಅದ್ದಿ ಬರೆದುಕೊಂಡ.

ಮಧ್ಯಾಹ್ನದಿಂದ ದೋಣಿಯ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಗಾಡಿಗಳೆಲ್ಲ ಎಂಟು ಮೈಲಿ ಸುತ್ತಿ ಸೇತುವೆಯ ದಾರಿ ಹಿಡಿದವು. ಹೊತ್ತಿಳಿಯುವಾಗ ಮನೆಗೆ ಹೊರಟ ವಿಲಿಸ್ ಕುದುರೆಯ ಮೇಲೆ ಬಂದ. ಹೈರಮ್ ಓಡಿಹೋಗಿ ಹಲಗೆ ಇಳಿಸಿದ.

"ಬನ್ನಿ ಭಾವ. ನೀರು ಕೊರೀತಾ ಇದೆ."

ವಿಲಿಸ್ ಅತ್ತ ತಿರುಗಿಯೂ ನೋಡದೆ ಕುದುರೆಯನ್ನು ನೀರಿಗಿಳಿಸಿದ. ನವೆಂಬರಿನ ನೀರು ಜೀನಿನವರೆಗೆ ಬಂತು. ಹೈರಮ್ ದೋಣಿ ಬಿಚ್ಚಿ, ಹಗ್ಗ ಎಳೆಯುತ್ತಾ ಪಕ್ಕದಲ್ಲೇ ಸಾಗಿದ. ನಡುಹೊಳೆಯಲ್ಲಿ ಸೆಳವಿಗೆ ಸಿಕ್ಕಿ ಕುದುರೆಯ ತಲೆ ಒಮ್ಮೆ ಮುಳುಗಿ ಎದ್ದಿತು. ಹೈರಮ್ ಹಗ್ಗ ಬಿಟ್ಟು, ಮಂಡಿಯೂರಿ, ಕೈ ಚಾಚಿದ.

ವಿಲಿಸ್ ಆ ಕೈಯನ್ನು ನೋಡಿದ. ನೋಡಿ, ಕುದುರೆಯ ಒದ್ದೆ ಜೂಲನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.