ಹದಿನಾಲ್ಕು ಜನಕ್ಕೆ ಒಂದೇ ಎರರ್

ಗುಬ್ಬಿಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಎಲ್ಲವೂ ಇತ್ತು, ಕಂಪ್ಯೂಟರ್ ಒಂದನ್ನು ಬಿಟ್ಟು. ಬರುತ್ತೆ ಬರುತ್ತೆ ಅಂತ ಹೇಳಿಕೊಂಡೇ ಲಕ್ಷ್ಮೀಕಾಂತ್ ಸಾರ್ ಇಡೀ ವರ್ಷ ಬೋರ್ಡಿನ ಮೇಲೆ ಸಿ ಭಾಷೆ ಕಲಿಸಿದರು. ಹದಿನಾಲ್ಕು ಜನ ಅವರ ಪ್ರೋಗ್ರಾಮುಗಳನ್ನು ಮಗ್ಗಿಯ ಹಾಗೆ ಉರು ಹೊಡೆದು, ತೊಂಬತ್ತೇಳರ ಬೇಸಿಗೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆಂದು ತುಮಕೂರಿನ ಬಸ್ಸು ಹತ್ತಿದೆವು.

ಕೀಬೋರ್ಡ್ ಮುಟ್ಟಿದ್ದು ಅವತ್ತೇ ಮೊದಲು. ಹೇನು ಆರಿಸುವ ಹಾಗೆ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿ, ತಪ್ಪಿದ್ದರೆ ಯಂತ್ರವೇ ಹೇಳಲಿ ಅಂತ ಕಂಪೈಲ್ ಒತ್ತಿದೆ. ಕೊನೆಯ ಸಾಲಿನಲ್ಲಿ ಎರರ್: ‘ಕಾಂಪೌಂಡ್ ಸ್ಟೇಟ್‌ಮೆಂಟ್ ಮಿಸ್ಸಿಂಗ್’.

ಪಕ್ಕದ ಹನುಮಂತರಾಜು ಕಿಟಕಿಯಾಚೆ ನೋಡಿ, “ಕಾಂಪೌಂಡ್ ಇಲ್ಲೇ ಐತಲ್ಲೇ ಶೃತಿ, ಮಿಸ್ಸಿಂಗ್ ಅಂತೈತಲ್ಲ ಇದು?” ಅಂದ. ಅವನಿಗೂ ಅದೇ ಎರರ್. ಹಿಂದಿನವರಿಗೂ ಅದೇ.

ಪರೀಕ್ಷಕ ಶಿವರಾಮಯ್ಯನವರು ಎಲ್ಲರ ಸ್ಕ್ರೀನೂ ನೋಡಿಕೊಂಡು ಬಂದರು. “ಹದಿನಾಲ್ಕು ಜನಕ್ಕೂ ಒಂದೇ ಜಾಗದಲ್ಲಿ ಒಂದೇ ತಪ್ಪು! ಇದೇನು ಪರೀಕ್ಷೇನಾ, ಸಾಮೂಹಿಕ ವಿವಾಹಾನಾ? ಎಲ್ರನ್ನೂ ಕಾಪಿ ಅಂತ ಡಿಬಾರ್ ಮಾಡ್ತೀನಿ.”

ನಮ್ಮ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀಕಾಂತ್ ಸಾರ್ ಒಂದು ಹೆಜ್ಜೆ ಒಳಗಿಟ್ಟು ಮತ್ತೆ ಹಿಂದಕ್ಕೆ ತೆಗೆದರು. ನನಗೆ ಮೈಯೆಲ್ಲ ಉರಿಯಿತು. ಕಾಪಿ ಹೊಡೆದು ಸಿಕ್ಕಿಬಿದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಿಯತ್ತಾಗಿ ಉರು ಹೊಡೆದು ಕಳ್ಳಿ ಅನ್ನಿಸಿಕೊಳ್ಳುವುದು ನನ್ನಿಂದಾಗದು.

“ಸ್ವಲ್ಪ ಟೈಮ್ ಕೊಡಿ ಸಾರ್. ಕಾಪಿ ಅಲ್ಲ ಅಂತ ತೋರಿಸ್ತೀನಿ,” ಅಂದೆ.

ಕೊನೆಯ ಸಾಲಿನಲ್ಲಿ ಎಷ್ಟು ಹುಡುಕಿದರೂ ತಪ್ಪಿಲ್ಲ. ಬೈಸಿಕೊಳ್ಳುವಾಗ ತಲೆ ತಗ್ಗಿಸುವ ಅಭ್ಯಾಸ ನಮ್ಮದು, ಪೂರ್ತಿ ಬೈಗುಳ ಕೇಳಿಸಿಕೊಂಡವರೇ ಇಲ್ಲ. ಈ ಸಲ ಎರರ್ ಅನ್ನುವ ಬೈಗುಳವನ್ನು ಕೊನೆಯವರೆಗೂ ಓದಿದೆ. ಅದರ ಬಾಲದಲ್ಲಿ ಮುಚ್ಚುವ ಫ್ಲವರ್ ಬ್ರಾಕೆಟ್ ಒಂದಿತ್ತು. ಓಹೋ! ಇದು ತಪ್ಪಾದ ಜಾಗ ತೋರಿಸುತ್ತಿಲ್ಲ, ಹುಡುಕಿ ಹುಡುಕಿ ತಾನು ಸುಸ್ತಾಗಿ ಕೂತ ಜಾಗ ತೋರಿಸುತ್ತಿದೆ. ಮೇಲಿನಿಂದ ಎಣಿಸಿದೆ. ತೆರೆದ ಬ್ರಾಕೆಟ್ ಎರಡು, ಮುಚ್ಚಿದ್ದು ಒಂದೂ ಇಲ್ಲ. ಒಂದು ಹಾಕಿದೆ, ಬೈಗುಳ ನಿಲ್ಲಲಿಲ್ಲ. ಇನ್ನೊಂದು ಹಾಕಿದೆ. ಎರರ್ ಸೊನ್ನೆ.

“ಸರಿ. ಎಲ್ರೂ ಅದನ್ನೇ ಮರೆತಿದ್ದು ಹೆಂಗಮ್ಮ?” ಅಂದರು ಪರೀಕ್ಷಕರು.

“ನಮ್ ಬೋರ್ಡಿನ ಕೆಳಗಡೆ ಒಂದು ಗೇಣು ಬಣ್ಣ ಹೋಗಿದೆ ಸಾರ್, ಚಾಕ್‌ಪೀಸು ಹತ್ತಲ್ಲ. ಅಲ್ಲಿಗೆ ಬರೋ ಹೊತ್ಗೆ ನಮ್ ಸಾರು ಕೈ ಒರೆಸ್ಕೊಂಡು ‘ಇಷ್ಟೇ’ ಅಂತಿದ್ರು. ನಾವೂ ಇಷ್ಟೇ ಅನ್ಕೊಂಡ್ವಿ.”

ಲ್ಯಾಬೇ ಬಿದ್ದು ಬಿದ್ದು ನಕ್ಕಿತು. ಹನುಮಂತರಾಜು ಇರಲಿ ಅಂತ ಐದು ಬ್ರಾಕೆಟ್ ಜಡಿದು ಹೊಸ ಎರರ್ ತಂದುಕೊಂಡ. ಶಿವರಾಮಯ್ಯನವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಕಾಪಿ ಅಲ್ಲ, ಒಪ್ಪಿದೆ. ಎಲ್ರೂ ಸರಿ ಮಾಡ್ಕೊಳಿ. ಮೇಷ್ಟ್ರೇ, ಬನ್ನಿ, ಆ ಹುಡುಗನ್ದು ನೀವೇ ತಿದ್ದಿಕೊಡಿ.”

ಸಾರ್ ಬಂದು ಹನುಮಂತರಾಜುವಿನ ಕುರ್ಚಿಯಲ್ಲಿ ಕೂತರು. ಕೈ ಎರಡನ್ನೂ ಪ್ಯಾಂಟಿಗೆ ಒರೆಸಿಕೊಂಡರು. ಬೆರಳು ಕೀಗಳ ಮೇಲೆ ಸುತ್ತಿ ಸುತ್ತಿ ಎಲ್ಲೂ ಇಳಿಯಲಿಲ್ಲ. ಅವರಿಗೂ ಇದು ಮೊದಲ ಸಲ ಅಂತ ನನಗೆ ಆಗ ಹೊಳೆಯಿತು. ಸಿಟ್ಟೆಲ್ಲ ಇಳಿಯಿತು. ಪರೀಕ್ಷಕರಿಗೆ ಕಾಣದ ಹಾಗೆ ಅಡ್ಡ ನಿಂತು ಬಗ್ಗಿದೆ.

“ಜಾಸ್ತಿ ಇರೋದನ್ನ ಅಳಿಸಿದ್ರೆ ಆಯ್ತು ಸಾರ್. ಬ್ಯಾಕ್‌ಸ್ಪೇಸ್ ಒತ್ತಿ.”

“ಯಾವುದಮ್ಮ ಅದು?” ಅಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.