ಮೂರರಿಂದ ಹೇಳ್ರಿ

ಹಲೋ, ಹಲೋ, ಬರೀ ಕರಕರ, ಅದರ ಹಿಂದೆ ಒಂದು ಕೆಮ್ಮು, ಉಚ್ಚೆಂಗೆಪ್ಪನದೇ, ಸಿರುಗುಪ್ಪ ಕರೆಂಟ್ ಸ್ಟೇಷನ್ನಿನಲ್ಲಿ ಬೀಡಿ ಸೇದಿ ಹಾಗೆ ಕೆಮ್ಮುವವನು ಅವನೊಬ್ಬನೇ, ಬೆಳಗಿನಿಂದ ಸತ್ತಿದ್ದ ಫೋನಿಗೆ ಜೀವ ಬಂತು, ಎಲ್ಲಿಗೆ ನಿಂತೀಯೋ ಅಂದೆ, ಎರಡಕ್ಕ ನಿಂತೀನಿ ಮರಿಬಸಣ್ಣ, ಮೂರರಿಂದ ಹೇಳ್ರಿ ಅಂದ — ಅಬ್ಬ, ಅಂಗಿ ಬೆನ್ನಿಗೆ ಅಂಟಿದ್ದು ಈಗ ಗೊತ್ತಾಗುತ್ತಿದೆ. ಬಳ್ಳಾರಿಯ ಈ ಗೋಡೆಯಲ್ಲಿರುವ ಲೈನುಗಳ ನಕ್ಷೆಯೇ ಅವನ ಗೋಡೆಯಲ್ಲೂ ಇದೆ, ಲೈನಿನ ಮೇಲೆ ಆಳಿದ್ದಾನೆಂದು ಇಲ್ಲಿ ಕೆಂಪು ಫಲಕ ತೂಗಿದರೆ ಅಲ್ಲೂ ತೂಗಬೇಕು, ಒಂದೊಂದು ಸೂಚನೆಗೂ ನಂಬರು ಹಾಕಿ ನಾನು ಹೇಳಬೇಕು, ಅವನು ತಿರುಗಿ ಒಪ್ಪಿಸಬೇಕು, ಹಾಕೀನಿ ಅನ್ನುವ ತನಕ ಸ್ಲೇಟಿನಲ್ಲಿ ಆ ಸಾಲು ಅಳಿಸುವ ಹಾಗಿಲ್ಲ. ಮೂರು: ಬಾದನಹಟ್ಟಿ ಲೈನಿನ ಮೇಲೆ ಮನುಷ್ಯ ಇದ್ದಾನೆ. ಲೈನ್‌ಮನ್ ಎರ್ರಣ್ಣ. ಸಿರುಗುಪ್ಪದ ಉತ್ತರ ಬರೋತನಕ ಕಂಬ ಹತ್ತಬ್ಯಾಡ ಅಂದಿದ್ದೆ, ಬಳ್ಳಾರಿ ಕಡೆ ಕರೆಂಟ್ ತೆಗೆದರೆ ಸಾಕೆಂದು ಹತ್ತಿಯೇಬಿಟ್ಟ, ಕುರುಗೋಡು ಬಸ್ಸಿನ ಕಂಡಕ್ಟರ್ ಹಂಪಯ್ಯ ಬಂದು ನಗುತ್ತಾ ಹೇಳಿದ, ನಿಮ್ಮ ಎರ್ರಣ್ಣ ಕಂಬದ ಮ್ಯಾಲೆ ಪದ ಹಾಡಾಕ ಹತ್ಯಾನ್ರಿ — ಇಳಿಸಲು ಜೀಪು ಕಳಿಸಿದೆ, ಅದಿನ್ನೂ ಹಾದಿಯಲ್ಲೇ ಇದೆ, ಸಿರುಗುಪ್ಪದ ನಕ್ಷೆಯಲ್ಲಿ ಕೆಂಪಿಲ್ಲ, ಅಲ್ಲಿ ಅಕ್ಕಿ ಗಿರಣಿಗೂ ಬಾದನಹಟ್ಟಿಗೂ ಒಂದೇ ಸ್ವಿಚ್ಚು, ಗಿರಣಿಗೆ ಕರೆಂಟ್ ಬಿಟ್ಟರೆ ಎರ್ರಣ್ಣನ ಲೈನಿಗೂ ಹರಿಯುತ್ತದೆ, ಕೆಂಪು ಕಂಡರೆ ಮಾತ್ರ ಉಚ್ಚೆಂಗೆಪ್ಪ ಬಾದನಹಟ್ಟಿಯನ್ನು ಮೊದಲು ಬೇರೆ ಮಾಡುತ್ತಾನೆ. ಫೋನ್ ಸತ್ತಿದ್ದಾಗಲೇ ನಾಲ್ಕು, ಐದು, ಆರು, ಸ್ಲೇಟು ತುಂಬಿತು, ಜೊತೆಯ ಚಿದಾನಂದಪ್ಪ ಬಟ್ಟೆ ಹಿಡಿದುಕೊಂಡು ಬಂದ, ಲೇ ಹಳೇದೆಲ್ಲ ಒರೆಸೋ, ಫೋನ್ ಬಂದಮ್ಯಾಲೆ ಕಡೀದೊಂದು ಹೇಳಿದ್ರಾತು, ಸ್ಲೇಟೇನು ನಿಮ್ಮಪ್ಪನ ಹೊಲನಾ — ಕಡೆಯದೆಂದರೆ ಗಿರಣಿಗಳಿಗೆ ಕರೆಂಟ್ ಬಿಡು ಅನ್ನುವುದು, ಅದನ್ನೊಂದೇ ಹೇಳಿದ್ದರೆ? ಬಟ್ಟೆ ಕಸಿದು ಕಿಟಕಿಯಾಚೆ ಎಸೆದೆ, ಆ ಏಳನೆಯದನ್ನು ನೆಲದ ಮೇಲೆ ಬರೆದೆ, ನಿನಗ ಹುಚ್ಚು ಹಿಡದೈತಿ ಅಂದ, ಹಿಡೀಲಿ ಬಿಡು.

ಈಗ ಫೋನಿನಲ್ಲಿ ಮೂರು ಹೇಳಿದೆ. ಬಾದನಹಟ್ಟಿ, ಮನುಷ್ಯ ಅದಾನ, ಕೆಂಪು ಹಾಕೀನಿ, ಬ್ಯಾರೆ ಮಾಡೀನಿ, ತಿರುಗಿ ಒಪ್ಪಿಸಿದ, ಮೂರರ ಸಾಲು ಅಳಿಸಿದೆ, ಎರ್ರಣ್ಣ ಇನ್ನು ಬೇಕಾದಷ್ಟು ಹಾಡಲಿ, ಇಳಿದ ಮೇಲೆ ಬೈದುಕೊಳ್ಳೋಣ, ನಾಲ್ಕು ಹೇಳ್ರಿ ಅನ್ನುತ್ತಾನೆ ಅಂತ ಕಾದೆ, ಅವನು ಕೆಮ್ಮಿದ, ದನಿ ಇಳಿಸಿದ, ಮರಿಬಸಣ್ಣ, ಗಿರಣಿಯವ್ರು ಮಧ್ಯಾಹ್ನ ಬಂದು ತಲಿ ತಿಂದ್ರು, ಸ್ವಿಚ್ಚಿನ ಹಿಡಿಕಿಗೆ ಕೈ ಹಾಕಿದ್ದೆ, ನಿಮ್ಮ ಸುದ್ದಿ ಇಲ್ಲ, ನಕ್ಷೆ ಹಳೇದು, ಬ್ಯಾಡ ಅಂತ ಕೈ ಬಿಟ್ಟೆ. ಬಿಟ್ಟ, ಬಿಟ್ಟನಲ್ಲ, ಮುಗಿಯಿತು, ನಾಲ್ಕು ಹೇಳಬೇಕು, ಸ್ಲೇಟು ನೋಡಿದರೆ ಕಾಣುವುದು ಅವನ ಕರಿ ಹಿಡಿಕೆ, ಅದರ ಮೇಲೆ ಬೀಡಿ ಕಲೆಯ ಐದು ಬೆರಳು, ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ, ಹಿಡಿಕೆ, ಬೆರಳು, ಬಿಚ್ಚಿಕೊಳ್ಳುತ್ತಿರುವ ಬೆರಳು